ಬಾಯಿಗಲ್ಲ, ಜೇಬಿಗೆ

ಮೊದಲ ಸಲ ಮೊಮ್ಮಕ್ಕಳಿಬ್ಬರನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದಾಗ ನನ್ನ ಪರ್ಸಿನಲ್ಲಿ ಒಂದು ಪಟ್ಟಿ ಇತ್ತು. ಹಾಲಿನವನ ಲೆಕ್ಕದ ಚೀಟಿಯ ಬೆನ್ನಿಗೆ ಬರೆದುಕೊಂಡದ್ದು: ಹೂವಿನ ಗಡಿಯಾರ, ಗಾಜಿನ ಮನೆ, ಬೋನ್ಸಾಯ್ ತೋಟ, ಕೆರೆ, ಬಂಡೆ, ಕೊನೆಗೆ ದೋಸೆ. ಎಂಟಕ್ಕೆ ಹೊಕ್ಕರೆ ಹತ್ತೂವರೆಗೆ ಹೊರಬಿದ್ದು ಹನ್ನೊಂದಕ್ಕೆಲ್ಲ ಮನೆ ಸೇರಬಹುದು ಎಂದು ನನ್ನ ಎಣಿಕೆ. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರೂವರೆ. ಅವರಪ್ಪ ಅಮ್ಮ ವಾರದ ನಿದ್ದೆಯನ್ನೆಲ್ಲ ಶನಿವಾರ ಬೆಳಿಗ್ಗೆ ತೀರಿಸಿಕೊಳ್ಳುವವರು. ಹಾಗಾಗಿ ಶನಿವಾರ ಬೆಳಿಗ್ಗೆ ಅಜ್ಜಿಯ ಪಾಲು.

ಗೇಟು ದಾಟಿ ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಚಿಕ್ಕವನು ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಕೆಂಪಿರುವೆಯ ಸಾಲೊಂದು ಸತ್ತ ಜೀರುಂಡೆಯನ್ನು ಎಳೆದುಕೊಂಡು ಹೋಗುತ್ತಿತ್ತು. 'ಬಾರೋ, ಮುಂದೆ ದೊಡ್ಡ ಗಡಿಯಾರ ಇದೆ' ಎಂದೆ. ಕೇಳಿಸಲಿಲ್ಲ. 'ಮುಂದೆ ಹಂಸ ಇದೆ' ಎಂದು ಸುಳ್ಳೇ ಹೇಳಿದೆ. ಅದೂ ಕೇಳಿಸಲಿಲ್ಲ. ಅಷ್ಟರಲ್ಲಿ ದೊಡ್ಡವಳೂ ಕೂತಳು. ಒಂದು ಕಾಲು ಸಿಕ್ಕಿಹಾಕಿಕೊಂಡು ಜೀರುಂಡೆ ಮಗುಚಿತು, ಇರುವೆಗಳು ಅದನ್ನು ಅಲ್ಲೇ ತಿರುಗಿಸಿದವು, ಮತ್ತೆ ಎಳೆದವು. ವಾಕಿಂಗಿನವರು ನಮ್ಮನ್ನು ಬಳಸಿಕೊಂಡು ಹೋದರು. ಜೀರುಂಡೆ ಬಿಲದ ಬಾಯಿ ಸೇರುವ ಹೊತ್ತಿಗೆ ನಲವತ್ತು ನಿಮಿಷ ಆಗಿತ್ತು, ಬಿಲದ ಬಾಯಿ ಜೀರುಂಡೆಗಿಂತ ಚಿಕ್ಕದಿತ್ತು, ಮತ್ತು ಆ ಸಮಸ್ಯೆಯನ್ನು ಇರುವೆಗಳು ಹೇಗೆ ಬಿಡಿಸುತ್ತವೆ ಎಂದು ನೋಡದೆ ಏಳಲು ನನಗೂ ಮನಸ್ಸಾಗಲಿಲ್ಲ. ಆ ದಿನ ಪಟ್ಟಿಯಂತೆ ನಡೆದದ್ದು ದೋಸೆಯೊಂದೇ.

ಲಾಲ್‌ಬಾಗಿನ ವಿಸ್ತಾರ 240 ಎಕರೆ. ಮೂರೂವರೆ ವರ್ಷದ ಕಾಲಿಗೆ ಎಕರೆಯ ಲೆಕ್ಕ ತಿಳಿಯದು. ಅದಕ್ಕೆ ತಿಳಿಯುವುದು ಒಂದು ಮರದಿಂದ ಇನ್ನೊಂದು ಮರ, ಅಲ್ಲಿಂದ ಒಂದು ಕಲ್ಲುಬೆಂಚು, ಅಲ್ಲಿಂದ 'ಎತ್ಕೋ'. ಈಗ ಒಂದೂವರೆ ವರ್ಷದಿಂದ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ಹೋಗುತ್ತಿದ್ದೇವೆ. ಬೋನ್ಸಾಯ್ ತೋಟದ ಮುಖವನ್ನು ಇನ್ನೂ ನೋಡಿಲ್ಲ. ಒಂದು ಸಲಕ್ಕೆ ಒಂದೇ ಜಾಗ ಎಂಬ ಒಪ್ಪಂದಕ್ಕೆ ನಾವು ಮೂವರೂ ಬಂದಿದ್ದೇವೆ. ಒಪ್ಪಂದಕ್ಕೆ ಬಂದದ್ದು ನಾನು ಅನ್ನಬೇಕು, ಅವರು ಮೊದಲಿಂದಲೂ ಅಲ್ಲೇ ಇದ್ದರು.

ನಾನು ಶಿರಾದ ಕಡೆಯವಳು. ಲಾಲ್‌ಬಾಗಿನ ಬಗ್ಗೆ ನನಗೆ ಸ್ವಲ್ಪ ತವರಿನ ಜಂಬವೂ ಇದೆ. 1760ರಲ್ಲಿ ಹೈದರಾಲಿ ಇಲ್ಲಿ ನಲವತ್ತು ಎಕರೆಯಲ್ಲಿ ತೋಟ ಎಬ್ಬಿಸಲು ಹೊರಟಾಗ ಅವನ ಕಣ್ಣಮುಂದೆ ಇದ್ದದ್ದು ಶಿರಾದ ಮೊಘಲ್ ಮಾದರಿಯ ತೋಟ ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ಅಂದಮೇಲೆ ಲಾಲ್‌ಬಾಗ್ ನಮ್ಮೂರಿನಿಂದ ಬೆಂಗಳೂರಿಗೆ ಕೊಟ್ಟ ಹೆಣ್ಣು. ಮಗ ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿ ಅದನ್ನು ಬೆಳೆಸಿದ. ಅವನು ಸತ್ತ ಮರುವರ್ಷ, 1800ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ರಾಜತೋಟಗಳನ್ನು ಕಂಡು ಬರೆದಿಟ್ಟಿದ್ದಾನೆ: ಚೌಕ ಚೌಕ ಪಾತಿಗಳು, ನಡುವೆ ಕಾಲುದಾರಿ, ದಾರಿಯ ಬದಿಗೆ ಸೈಪ್ರೆಸ್ ಮರಗಳು, ಒಂದೊಂದು ಪಾತಿಗೆ ಒಂದೊಂದೇ ಜಾತಿಯ ಗಿಡ. ಗುಲಾಬಿಯ ಪಾತಿಯಲ್ಲಿ ಗುಲಾಬಿಯೇ, ದಾಳಿಂಬೆಯ ಪಾತಿಯಲ್ಲಿ ದಾಳಿಂಬೆಯೇ. ಆ ಅಚ್ಚುಕಟ್ಟಿನೊಳಕ್ಕೆ ನಮ್ಮ ಚಿಕ್ಕವನನ್ನು ಅರ್ಧ ಗಂಟೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನಾನೊಬ್ಬಳೇ ನಕ್ಕಿದ್ದೇನೆ.

ಈ ತೋಟವನ್ನು ಯಾರೂ ಮಕ್ಕಳಿಗಾಗಿ ಮಾಡಲಿಲ್ಲ. ಹೈದರ್ ಮಾಡಿದ್ದು ಅರಮನೆಯ ಸುಖಕ್ಕೆ. ಬ್ರಿಟಿಷರಿಗೆ ಅದು ಯಾವ ಗಿಡ ಈ ಮಣ್ಣಿನಲ್ಲಿ ಬದುಕಿ ಕಾಸು ತರುತ್ತದೆ ಎಂದು ಪರೀಕ್ಷಿಸುವ ಜಾಗ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಎಂದು ಹೆಸರಾಯಿತು. ಆಮೇಲೆ ತೋಟದ ಉಸ್ತುವಾರಿಗೆ ಬಂದ ಜಾನ್ ಕ್ಯಾಮರಾನ್, ಜರ್ಮನಿಯ ಕ್ರುಂಬಿಗಲ್, ನಮ್ಮವರೇ ಆದ ಜವರಾಯ, ಮರಿಗೌಡ ಎಲ್ಲರೂ ಗಿಡಮರಗಳ ಹುಚ್ಚಿನವರು. ಜಾರುಬಂಡೆ, ಉಯ್ಯಾಲೆ ಅವರ ಯೋಚನೆಯಲ್ಲಿ ಇದ್ದಂತೆ ಕಾಣುವುದಿಲ್ಲ. ಇಷ್ಟು ದಿನ ಇವರಿಬ್ಬರ ಹಿಂದೆ ಅಲೆದ ಮೇಲೆ, ಅದೇ ಒಳ್ಳೆಯದಾಯಿತು ಅನ್ನಿಸಿದೆ. ಲಾಲ್‌ಬಾಗಿನಲ್ಲಿ ಮಕ್ಕಳಿಗೆಂದೇ ಇಟ್ಟ ವಸ್ತು ಅವರನ್ನು ಐದು ನಿಮಿಷ ಹಿಡಿದಿಡುತ್ತದೆ. ಯಾರಿಗಾಗಿಯೂ ಇಡದ ವಸ್ತು ಒಂದು ಬೆಳಗನ್ನೇ ನುಂಗುತ್ತದೆ.

ಹೂವಿನ ಗಡಿಯಾರವನ್ನೇ ತೆಗೆದುಕೊಳ್ಳಿ. 1983ರಲ್ಲಿ ಎಚ್‌ಎಂಟಿಯವರು ಕೊಟ್ಟದ್ದು. ನಮ್ಮ ಮನೆಯವರ ಕೈಯಲ್ಲಿ ನಿವೃತ್ತಿಯಾಗುವವರೆಗೂ ಇದ್ದದ್ದು ಎಚ್‌ಎಂಟಿ ವಾಚೇ, ಹಾಗಾಗಿ ಅದರ ಮುಂದೆ ನಿಂತರೆ ನನಗೊಂದು ಭಾವ ಬರುತ್ತದೆ. ಮಕ್ಕಳಿಗೆ ಏಕೆ ಬರಬೇಕು? ಅಂಕಿ ಹೊಳೆಯುವ ಗಡಿಯಾರ ನೋಡಿ ಬೆಳೆದವರಿಗೆ ಮುಳ್ಳಿನ ಗಡಿಯಾರ ಓದಲು ಬರುವುದಿಲ್ಲ. ಪಕ್ಕದಲ್ಲಿ ಸ್ನೋ ವೈಟ್ ಮತ್ತು ಅವಳ ಏಳು ಕುಳ್ಳರ ಗೊಂಬೆಗಳಿವೆ. ದೊಡ್ಡವಳು ಎಣಿಸಿದಳು, ಏಳು ಸರಿಯಿದೆ ಎಂದಳು, ಮುಗಿಯಿತು. ಅಲ್ಲೇ ಪಕ್ಕದ ಹುಲ್ಲಿನಲ್ಲಿ ಮುಟ್ಟಿದರೆ ಮುನಿ ಸಿಕ್ಕಿತು. ಅದನ್ನು ಮುನಿಸುವುದು, ಅದು ಸಮಾಧಾನವಾಗುವವರೆಗೆ ಕಾಯುವುದು, ಮತ್ತೆ ಮುನಿಸುವುದು, ಹೀಗೆ ಎಷ್ಟು ಹೊತ್ತು ಹೋಯಿತೆಂದು ಎಚ್‌ಎಂಟಿಗೇ ಗೊತ್ತು.

ಕ್ಯಾಮರಾನ್ ಸಾಹೇಬರ ಹೆಸರು ಹೇಳಿದೆನಲ್ಲ, ನಮ್ಮ ಮನೆಯಲ್ಲಿ ಅವರು ಖಳನಾಯಕ. ಸೀಮೆಬದನೆಕಾಯಿಯನ್ನು ಈ ಸೀಮೆಗೆ ತಂದು ಬೆಳೆಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಇಲ್ಲಿ ಎಷ್ಟು ಹಬ್ಬಿತೆಂದರೆ ತಮಿಳರು ಅದನ್ನು ಇವತ್ತಿಗೂ 'ಬೆಂಗಳೂರು ಕತ್ತರಿಕ್ಕಾಯ್' ಎನ್ನುತ್ತಾರೆ. ನಮ್ಮ ಮಕ್ಕಳಿಬ್ಬರಿಗೂ ಸೀಮೆಬದನೆ ಪಲ್ಯ ಕಂಡರಾಗದು. ಇದು ಲಾಲ್‌ಬಾಗಿನಿಂದಲೇ ಊರಿಗೆ ಹರಡಿದ್ದು ಎಂದು ಒಂದು ದಿನ ಬಾಯಿತಪ್ಪಿ ಹೇಳಿದೆ. ದೊಡ್ಡವಳು ಬಹಳ ಗಂಭೀರವಾಗಿ, 'ಹಾಗಾದರೆ ವಾಪಸ್ ಕೊಟ್ಟು ಬರೋಣ' ಎಂದಳು. ಮುಂದಿನ ಶನಿವಾರ ಅವಳ ಚೀಲದಲ್ಲಿ ಒಂದು ಸೀಮೆಬದನೆಕಾಯಿ ನಿಜಕ್ಕೂ ಇತ್ತು. ಗೇಟಿನಲ್ಲಿ ನನಗೆ ಗೊತ್ತಾಗಿ, ಸಂಜೆಯ ಕೂಟಿಗೆ ಅದನ್ನೇ ಹಾಕಿ, ಮನೆಯಲ್ಲಿ ಮಾತು ಬಿಡಿಸಿಕೊಂಡೆ.

ಬಂಡೆಯ ವಿಷಯ ಬೇರೆ. ಅದನ್ನು ನಿಧಾನವಾಗಿಯೇ ಹೇಳಬೇಕು.

ಡಬಲ್ ರೋಡ್ ಕಡೆಯ ದೊಡ್ಡ ಗೇಟಿನಿಂದ ಒಳಬಂದರೆ ತೋಟಕ್ಕೆ ಮೊದಲೇ ಬಂಡೆ ಎದುರಾಗುತ್ತದೆ. ಆನೆಯೊಂದು ಬೆನ್ನು ತೋರಿಸಿ ಮಲಗಿದಂತೆ. ಮೇಲೆ ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು, ಪುಟ್ಟದು. ಬಂಡೆಗೆಂದು ಹೋದ ಮೊದಲ ದಿನ ಚಿಕ್ಕವನು ಅದರ ಬುಡದಲ್ಲಿ ನಿಂತು ಕೇಳಿದ್ದು ಒಂದೇ ಮಾತು: 'ಹತ್ತಬಹುದಾ?' ಈ ಪ್ರಶ್ನೆಯ ಹಿಂದೆ ಅವನ ಇಡೀ ಬದುಕಿದೆ. ಸೋಫಾ ಹತ್ತಬೇಡ, ಕಿಟಕಿ ಹತ್ತಬೇಡ, ಕಾರಿನ ಸೀಟಿನ ಮೇಲೆ ನಿಲ್ಲಬೇಡ. ತೋಟದೊಳಗೂ ಹುಲ್ಲು ತುಳಿಯಬೇಡಿ, ಹೂ ಮುಟ್ಟಬೇಡಿ ಎಂಬ ಫಲಕಗಳು. ಅವುಗಳ ತಪ್ಪಿಲ್ಲ, ಬರುವ ಜನರೆಲ್ಲ ಒಂದೊಂದು ಹೂ ಕಿತ್ತರೆ ಸಂಜೆಯ ಹೊತ್ತಿಗೆ ಕಡ್ಡಿ ಉಳಿಯುತ್ತದೆ. ಆದರೆ ಬಂಡೆಗೆ ಯಾರೂ ಏನೂ ಮಾಡಲಾರರು. 'ಹತ್ತು' ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ, ಮೋಸವೇನಾದರೂ ಇದೆಯೇ ಎಂದು.

ಹತ್ತುವಾಗ ಅವರು ಕಂಡುಕೊಂಡದ್ದರಲ್ಲಿ ಬಹುಪಾಲು ನಾನು ಐವತ್ತು ವರ್ಷ ನೋಡದೇ ಬಿಟ್ಟದ್ದು. ಬಂಡೆ ಒಂದೇ ಬಣ್ಣದ್ದಲ್ಲ. ಬಿಳಿ ಪಟ್ಟೆ, ಕಪ್ಪು ಪಟ್ಟೆ, ನಡುವೆ ನಸುಗೆಂಪು. ಪಟ್ಟೆಗಳು ಒಂದು ಕಡೆ ನೆಟ್ಟಗೆ ಹೋಗಿ ಇನ್ನೊಂದು ಕಡೆ ಸುರುಳಿ ತಿರುಗುತ್ತವೆ. ದೊಡ್ಡವಳು ಒಂದು ಕಪ್ಪು ಪಟ್ಟೆಯನ್ನು ರಸ್ತೆ ಮಾಡಿಕೊಂಡು ಅದರ ಮೇಲೆಯೇ ಹೆಜ್ಜೆಯಿಡುತ್ತಾ ಹೋದಳು. ರಸ್ತೆ ಮುಗಿದಲ್ಲಿ ಸಿಟ್ಟಾದಳು. ಇದಕ್ಕೆ ನೈಸ್ ಶಿಲೆ ಎನ್ನುತ್ತಾರೆ. ನೆಲದ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ, ಒಳಗಿನ ಖನಿಜಗಳು ತಮ್ಮ ತಮ್ಮ ಜಾತಿಯವರ ಜೊತೆ ಸೇರಿಕೊಂಡು ಹೀಗೆ ಪಟ್ಟೆ ಕಟ್ಟುತ್ತವೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬವರು 1916ರಲ್ಲಿ ಈ ಬಗೆಯ ಶಿಲೆಗೆ 'ಪೆನಿನ್ಸುಲಾರ್ ನೈಸ್' ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಬಹುಭಾಗ ಇದರ ಮೇಲೆಯೇ ಕೂತಿದೆ. 1975ರಲ್ಲಿ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದರು. ವಯಸ್ಸು ಸುಮಾರು 300 ಕೋಟಿ ವರ್ಷ.

ಈ 300 ಕೋಟಿಯನ್ನು ಆರು ವರ್ಷದ ಮಗುವಿಗೆ ಹೇಳುವುದು ಹೇಗೆ? 'ಅಜ್ಜಿಗಿಂತ ದೊಡ್ಡದಾ?' ಎಂದಳು. ಹೌದು. 'ಮುತ್ತಜ್ಜಿಗಿಂತ?' ಹೌದು. ಸ್ವಲ್ಪ ಯೋಚಿಸಿ, ತನಗೆ ಗೊತ್ತಿರುವ ಅತ್ಯಂತ ಹಳೆಯ ಜೀವಿಯನ್ನು ಹೊರತೆಗೆದಳು. 'ಡೈನೋಸಾರ್‌ಗಿಂತ?' ಡೈನೋಸಾರ್‌ಗಳು ಹೋಗಿ 6.6 ಕೋಟಿ ವರ್ಷ ಆಯಿತು, ಅವು ಹುಟ್ಟುವ ಹೊತ್ತಿಗೇ ಈ ಬಂಡೆ ಹಳೆಯದಾಗಿತ್ತು ಎಂದೆ. ಅವಳು ಮಾತಿಲ್ಲದೆ ಕೂತು ಬಂಡೆಯನ್ನು ಅಂಗೈಯಿಂದ ಸವರಿದಳು. ಬೆಳಗಿನ ಬಿಸಿಲಿಗೆ ಅದು ದೋಸೆಕಲ್ಲು ಕಾಯುವ ಮೊದಲಿನಷ್ಟು ಬೆಚ್ಚಗಿತ್ತು. ಚಿಕ್ಕವನು ಬಂಡೆಯ ಮೇಲಿನ ಗುಳಿಯೊಂದರಲ್ಲಿ ನಿಂತ ಹಿಂದಿನ ರಾತ್ರಿಯ ಮಳೆನೀರಿಗೆ ಒಣಗಿದ ಎಲೆ ಬಿಟ್ಟು, ಅದು ದೋಣಿ ಎಂದು ಹೆಸರಿಟ್ಟು, ಆ ದೋಣಿಯಲ್ಲಿ ಒಂದು ಇರುವೆಯನ್ನು ಅದರ ಒಪ್ಪಿಗೆಯಿಲ್ಲದೆ ಪ್ರಯಾಣ ಕಳಿಸುತ್ತಿದ್ದ.

ಗೋಪುರದ ಹತ್ತಿರ ನಿಂತು ಸುತ್ತ ನೋಡಿದರೆ ಈಗ ಕಾಣುವುದು ಮರದ ತಲೆ, ಅದರಾಚೆ ಕಟ್ಟಡದ ತಲೆ. ಊರು ಇಷ್ಟರವರೆಗೆ ಬೆಳೆಯುತ್ತದೆ ಎಂದು ಆಗಿನವರು ನಾಲ್ಕು ದಿಕ್ಕಿಗೆ ಗೋಪುರ ಕಟ್ಟಿದರಂತೆ ಎಂಬ ಕಥೆ ಹೇಳಿದೆ. 'ನಮ್ಮ ಮನೆ ಗೋಪುರದ ಒಳಗಾ ಹೊರಗಾ?' ಎಂದಳು. ಹೊರಗೆ, ಬಹಳ ಹೊರಗೆ ಎಂದೆ. 'ಹಾಗಾದರೆ ನಾವು ಬೆಂಗಳೂರಿನವರಲ್ಲ' ಎಂದು ತೀರ್ಪು ಕೊಟ್ಟಳು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ನಾನಂತೂ ಶಿರಾದವಳು.

ಇಳಿಯುವಾಗ ಎಚ್ಚರ ಬೇಕು. ಹತ್ತುವಾಗ ಮಕ್ಕಳು ಕೈ ಊರುತ್ತಾರೆ, ಇಳಿಯುವಾಗ ಓಡುತ್ತಾರೆ. ಚಿಕ್ಕವನ ಕೈ ಬಿಟ್ಟದ್ದು ನನ್ನದೇ ತಪ್ಪು; ಮಂಡಿ ಕೆತ್ತಿಕೊಂಡು ಹೋಯಿತು. ಮಳೆ ಬಿದ್ದ ಮರುದಿನ ಪಾಚಿ ಕಟ್ಟಿದ ಕಡೆ ಹೋಗಲೇಬಾರದು. ಬೆಳಿಗ್ಗೆ ಹನ್ನೊಂದರ ಮೇಲೆ ಬಂಡೆ ಕಾದು ಹಂಚಾಗುತ್ತದೆ, ಆಗಲೂ ಬೇಡ.

ಬಂಡೆಯಾದ ಮೇಲೆ ಒಂದು ದಿನ ಕಲ್ಲಾದ ಮರವನ್ನು ತೋರಿಸಿದೆ. ತಮಿಳುನಾಡಿನ ತಿರುವಕ್ಕರೈಯಿಂದ ತಂದಿಟ್ಟ ಕಾಂಡ, 2 ಕೋಟಿ ವರ್ಷ ಹಳೆಯದು. ಮಣ್ಣಿನಲ್ಲಿ ಹೂತುಹೋದ ಮರದೊಳಕ್ಕೆ ಸಿಲಿಕಾ ಬೆರೆತ ನೀರು ಇಳಿದು, ಮರದ ಕಣ ಹೋದಲ್ಲೆಲ್ಲ ಕಲ್ಲಿನ ಕಣ ಬಂದು ಕೂತು, ಕೊನೆಗೆ ಮರದ ಆಕಾರ ಮಾತ್ರ ಮರದ್ದು, ಮೈಯೆಲ್ಲ ಕಲ್ಲು. ಇದನ್ನೆಲ್ಲ ಹೇಳಿ ಮುಗಿಸುವುದರೊಳಗೆ ದೊಡ್ಡವಳು, 'ಅಹಲ್ಯೆ ಥರ' ಎಂದಳು. ಹಿಂದಿನ ವಾರವಷ್ಟೇ ಮಲಗುವಾಗ ಆ ಕಥೆ ಹೇಳಿದ್ದೆ. ಚಿಕ್ಕವನು ಚಪ್ಪಲಿ ಬಿಚ್ಚಿದ. ಯಾಕೋ ಎಂದರೆ, ತಾನು ಕಾಲಿಟ್ಟರೆ ಮತ್ತೆ ಮರವಾಗುತ್ತದೋ ನೋಡಬೇಕಂತೆ. ತಡೆದು ಎತ್ತಿಕೊಂಡೆ. ದಾರಿಯುದ್ದಕ್ಕೂ ಅತ್ತ, ನಾನು ಬಿಟ್ಟಿದ್ದರೆ ಆಗಿಯೇ ಆಗುತ್ತಿತ್ತು ಎಂದು ಅವನು ಈಗಲೂ ನಂಬಿದ್ದಾನೆ. ಬಂಡೆ, ಡೈನೋಸಾರ್, ಕಲ್ಲುಮರ, ಅಜ್ಜಿ: ಇದು ದೊಡ್ಡವಳು ಮನೆಗೆ ಬಂದು ಅವಳಪ್ಪನಿಗೆ ಒಪ್ಪಿಸಿದ ಕಾಲಾನುಕ್ರಮ. ನಡುವೆ ಬೇರೇನೂ ಇಲ್ಲ.

ಫಲಪುಷ್ಪ ಪ್ರದರ್ಶನಕ್ಕೂ ಒಂದು ಸಲ ಹೋದೆವು. ಗಣರಾಜ್ಯೋತ್ಸವದ್ದು. ವರ್ಷಕ್ಕೆರಡು ಸಲ, ಜನವರಿ ಮತ್ತು ಆಗಸ್ಟಿನಲ್ಲಿ, ಗಾಜಿನ ಮನೆಯೊಳಗೆ ಹೂವಿನಿಂದ ಗೋಪುರ, ಗುಡಿ, ವಿಧಾನಸೌಧ ಏನೇನೋ ಎದ್ದು ನಿಲ್ಲುತ್ತವೆ. ಬೆಂಗಳೂರಿನ ಮಧ್ಯಮವರ್ಗಕ್ಕೆ ಅದು ಜಾತ್ರೆ. ನನಗೂ ಇಷ್ಟವೇ. ಆದರೆ ಮೂರಡಿ ಎತ್ತರದವರಿಗೆ ಅಲ್ಲಿ ಕಾಣುವುದು ಏನು ಎಂದು ಒಮ್ಮೆ ಬಗ್ಗಿ ನೋಡಿದೆ. ಸೊಂಟ. ಬರೀ ಸೊಂಟ, ಬೆಲ್ಟು, ಸೆರಗು, ತೂಗಾಡುವ ಕೈಚೀಲ. ಹೂ ನೋಡಬೇಕಾದರೆ ಹೆಗಲು ಬೇಕು, ನನ್ನ ಹೆಗಲಿಗೆ ಆ ವಯಸ್ಸು ದಾಟಿದೆ. ಧ್ವನಿವರ್ಧಕದಲ್ಲಿ ತಪ್ಪಿಸಿಕೊಂಡ ಮಕ್ಕಳ ಅಂಗಿಯ ಬಣ್ಣ ಕೂಗುವುದನ್ನು ಕೇಳಿದ ಮೇಲೆ ದೊಡ್ಡವಳು ನನ್ನ ಸೀರೆಯ ಅಂಚನ್ನು ಕೊನೆಯವರೆಗೂ ಬಿಡಲಿಲ್ಲ. ಐದು ವರ್ಷದ ಒಳಗಿನ ಮಕ್ಕಳಿದ್ದರೆ ಪ್ರದರ್ಶನದ ಶನಿವಾರ ಭಾನುವಾರ ಬೇಡ. ವಾರದ ನಡುವೆ ಬೆಳಿಗ್ಗೆ ಹೋಗಿ, ಇಲ್ಲವೇ ಪ್ರದರ್ಶನ ಮುಗಿದ ಮೇಲೆ ಹೋಗಿ.

ಪ್ರದರ್ಶನ ಇಲ್ಲದ ದಿನ ಗಾಜಿನ ಮನೆ ತಾನೇ ಒಂದು ನೋಟ. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲಿಟ್ಟ. ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೋದಿಂದ ಬಂದವು. 'ಇಷ್ಟು ಗಾಜು ಯಾರು ಒರೆಸ್ತಾರೆ?' ಎಂದಳು ದೊಡ್ಡವಳು. ಮನೆಯಲ್ಲಿ ಕಿಟಕಿ ಒರೆಸುವ ಕೆಲಸ ಅವಳ ಪಾಲಿಗೆ ಬಂದಿದೆ. ಅಷ್ಟೇ, ಅದಕ್ಕಿಂತ ಹೆಚ್ಚು ಗಾಜಿನ ಮನೆ ಅವರನ್ನು ತಟ್ಟಲಿಲ್ಲ.

ನನ್ನನ್ನು ಕೇಳಿದರೆ, ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಬೇಕಾದ ತಿಂಗಳು ಮಾರ್ಚ್. ಹೂವಿನ ಕಾಲ ಎಂದಲ್ಲ, ಉದುರುವ ಕಾಲ ಎಂದು. ಆಗ ಮರಗಳು ಜೇಬು ಖಾಲಿ ಮಾಡುತ್ತವೆ. ಮಹಾಗನಿಯ ಕಾಯಿ, ಮುಷ್ಟಿಗಿಂತ ದೊಡ್ಡದು, ಮರದಂತೆಯೇ ಗಟ್ಟಿ, ಮರದ ಮೇಲೆಯೇ ಐದು ಹೋಳಾಗಿ ಬಿರಿಯುತ್ತದೆ. ಒಳಗೆ ಪುಸ್ತಕದ ಹಾಳೆ ಜೋಡಿಸಿದಂತೆ ಕಂದು ಬೀಜಗಳು, ಒಂದೊಂದಕ್ಕೂ ಒಂದೊಂದೇ ರೆಕ್ಕೆ. ನೆಲಕ್ಕೆ ಬಿದ್ದದ್ದನ್ನು ಎತ್ತಿ ಮೇಲಕ್ಕೆ ಎಸೆದರೆ ನೆಟ್ಟಗೆ ಬೀಳುವುದಿಲ್ಲ. ಗಿರಗಿರ ತಿರುಗುತ್ತಾ, ಅವಸರವಿಲ್ಲದೆ ಇಳಿಯುತ್ತದೆ. ಭಾರವೆಲ್ಲ ಒಂದು ತುದಿಗೆ, ರೆಕ್ಕೆ ಇನ್ನೊಂದು ತುದಿಗೆ ಇರುವುದರಿಂದ ಗಾಳಿ ಅದನ್ನು ಬುಗುರಿಯ ಹಾಗೆ ತಿರುಗಿಸುತ್ತದೆ. ತಿರುಗಿದಷ್ಟು ಹೊತ್ತು ಅದು ಗಾಳಿಯಲ್ಲಿರುತ್ತದೆ, ಗಾಳಿಯಲ್ಲಿದ್ದಷ್ಟು ಹೊತ್ತು ತಾಯಿಮರದ ನೆರಳಿನಿಂದ ದೂರ ಹೋಗುತ್ತದೆ. 'ಹೆಲಿಕಾಪ್ಟರ್' ಎಂದ ಚಿಕ್ಕವನು. ಆ ಬೆಳಿಗ್ಗೆ ನಾವು ನೂರಾರು ಹೆಲಿಕಾಪ್ಟರ್ ಹಾರಿಸಿದೆವು. ವಾಕಿಂಗಿಗೆ ಬಂದ, ಕಿವಿಗೆ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ಸ್ವಲ್ಪ ಹೊತ್ತು ನಿಂತು ನೋಡಿ, ಯಾರೂ ಕರೆಯದೆಯೇ ಬಗ್ಗಿ ಒಂದನ್ನೆತ್ತಿ ಎಸೆದು, ಏನೂ ಆಗದವರಂತೆ ನಡೆದುಹೋದರು.

ಬೂರುಗ ಇನ್ನೊಂದು. ಲಾಲ್‌ಬಾಗಿನ ದೊಡ್ಡ ಬಿಳಿಬೂರುಗದ ಎದುರು ನಿಂತರೆ ದೊಡ್ಡವರಿಗೂ ಬಾಯಿ ಕಟ್ಟುತ್ತದೆ. ಬುಡದಿಂದ ಹೊರಟ ಬೇರುಗಳು ನೆಲದೊಳಗೆ ಹೋಗುವ ಮೊದಲು ಗೋಡೆಗಳಾಗಿ ನಿಂತಿವೆ, ಆಳೆತ್ತರ. ಎತ್ತರದ ಮರ, ಆಳಕ್ಕಿಳಿಯದ ಬೇರು. ಬೀಳದಿರಲು ಮರವೇ ಸುತ್ತ ಕಟ್ಟಿಕೊಂಡ ಆಸರೆ. ಅದರ ಹೂ ರಾತ್ರಿ ಅರಳುತ್ತದೆ, ಬಾವಲಿಗಳು ಬಂದು ಮಕರಂದ ಕುಡಿದು ಪರಾಗ ಹಂಚುತ್ತವೆ. ಕಾಯಿ ಒಡೆಯುವ ಕಾಲಕ್ಕೆ ಗಾಳಿಯಲ್ಲಿ ಹತ್ತಿ. ನಾವು ಹೋದ ದಿನ ಹಾದಿಯ ಅಂಚಿನಲ್ಲೆಲ್ಲ ಹತ್ತಿಯ ಉಂಡೆ ಉರುಳುತ್ತಿತ್ತು. ಚಿಕ್ಕವನು ಹಿಡಿಯಲು ಓಡಿದಷ್ಟೂ ಅವನ ಕಾಲಿನ ಗಾಳಿಗೇ ಅದು ಮುಂದೆ ಹೋಗುತ್ತಿತ್ತು.

ನನಗೆ ಆ ಹತ್ತಿಯ ವಾಸನೆ ಸಿಕ್ಕಿದೊಡನೆ ನಮ್ಮಜ್ಜಿಯ ದಿಂಬು ನೆನಪಾಯಿತು. ಊರಲ್ಲಿ ಬೂರುಗದ ಹತ್ತಿ ಆಯ್ದು, ಬೀಜ ಬಿಡಿಸಿ, ದಿಂಬಿಗೆ ತುಂಬುವುದು ಬೇಸಿಗೆಯ ಕೆಲಸ. ಎಳೆ ನುಣುಪು, ಗಿಡ್ಡ. ನೂಲಲು ಬಾರದು, ಆದರೆ ಹಗುರ, ನೀರು ಹಿಡಿಯದು. ಹಡಗಿನವರ ಜೀವರಕ್ಷಕ ಅಂಗಿಗೂ ಒಂದು ಕಾಲದಲ್ಲಿ ಇದನ್ನೇ ತುಂಬುತ್ತಿದ್ದರು. ಬಿಡಿಸಲು ಕೂತರೆ ಮೂಗಿಗೆ, ಕಣ್ಣಿನ ರೆಪ್ಪೆಗೆ ಹತ್ತಿ. ಸೀನಿದರೆ ಇಡೀ ಪಡಸಾಲೆಯ ಹತ್ತಿ ಮೇಲೇಳುತ್ತಿತ್ತು, ಅಜ್ಜಿಯ ಬೈಗುಳವೂ. ಇದನ್ನು ಮಕ್ಕಳಿಗೆ ಹೇಳಿದ್ದೇ ತಪ್ಪಾಯಿತು. ದಿಂಬು ಮಾಡಲೇಬೇಕೆಂದು ಹಟ ಹಿಡಿದರು. ಸಿಕ್ಕ ಹತ್ತಿಯಲ್ಲಿ ಗೊಂಬೆಯ ದಿಂಬೂ ಆಗುತ್ತಿರಲಿಲ್ಲ. ಕೊನೆಗೆ ನನ್ನ ಕರವಸ್ತ್ರದೊಳಗೆ ತುಂಬಿ ಗಂಟು ಕಟ್ಟಿದೆವು. ಅದು ಈಗಲೂ ಚಿಕ್ಕವನ ತಲೆದಿಂಬಿನ ಪಕ್ಕದಲ್ಲಿದೆ, ಅದಕ್ಕೆ ಅವನು ಹೆಸರನ್ನೂ ಇಟ್ಟಿದ್ದಾನೆ.

ಹೆಸರಿನ ಮಾತು ಬಂತು. ಮಕ್ಕಳಿಗೆ ಮರದ ಲ್ಯಾಟಿನ್ ಫಲಕ ಓದಿ ಹೇಳುವುದು ವ್ಯರ್ಥ. ಆದರೆ ಕನ್ನಡದ ಹೆಸರುಗಳಲ್ಲೇ ಕಥೆ ಇರುತ್ತದೆ. ನಾಗಲಿಂಗದ ಹೂವನ್ನು ಬಿಡಿಸಿ ತೋರಿಸಿದರೆ ಹೆಡೆಯೂ ಲಿಂಗವೂ ಅವರಿಗೆ ತಾವೇ ಕಾಣುತ್ತವೆ. ದಕ್ಷಿಣ ಅಮೆರಿಕದಿಂದ ಬಂದ ಮರಕ್ಕೆ ನಮ್ಮವರು ಶಿವನನ್ನು ಕೂರಿಸಿದ್ದಾರೆ. ಹೂ ಕೊಂಬೆಯಲ್ಲಿ ಬಿಡದೆ ಕಾಂಡದಲ್ಲೇ ಬಿಡುತ್ತದೆ, ಕಾಯಿ ಫಿರಂಗಿ ಗುಂಡಿನಷ್ಟು. ಒಡೆದು ಬಿದ್ದ ಕಾಯಿಯೊಂದನ್ನು ದೊಡ್ಡವಳು ಮೂಸಿ ನೋಡಿ, ಆ ವಾಸನೆಯನ್ನು ಎರಡು ದಿನ ಎಲ್ಲರಿಗೂ ವರ್ಣಿಸಿದಳು. ಆಫ್ರಿಕಾದಿಂದ ಬಂದ ಇನ್ನೊಂದು ಮರಕ್ಕೆ ಉದ್ದುದ್ದ ಕಾಯಿ, ಹಗ್ಗದಲ್ಲಿ ನೇತುಹಾಕಿದಂತೆ. ಮರಸೌತೆ ಎಂದೆ. 'ಮರಕ್ಕೇ ಸೌತೆಕಾಯಿ!' ಎಂದು ಚಿಕ್ಕವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹಳ್ಳಿಯವರು ಅದಕ್ಕೆ ಆನೆಯ ದೇಹದ ಭಾಗವೊಂದನ್ನು ಹೋಲಿಸಿ ಇನ್ನೊಂದು ಹೆಸರಿಟ್ಟಿದ್ದಾರೆ. ಅದನ್ನು ಅವರು ದೊಡ್ಡವರಾದ ಮೇಲೆ ತಾವೇ ಕಲಿಯಲಿ.

ಎತ್ತಿಕೊಳ್ಳುವುದಕ್ಕೆ ನಮ್ಮಲ್ಲಿ ಒಂದೇ ಕಾನೂನು: ಬಾಯಿಗಲ್ಲ, ಜೇಬಿಗೆ. ಕಿತ್ತದ್ದು ಬೇಡ, ಬಿದ್ದದ್ದು ಮಾತ್ರ. ಇದು ತಮಾಷೆಯ ಮಾತಲ್ಲ. ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಗುಲಗಂಜಿ ಎಷ್ಟು ಚೆಂದವೋ ಅಗಿದರೆ ಅಷ್ಟು ಅಪಾಯ. ಮೂರು ವರ್ಷದ ಮಗು ಜಗತ್ತನ್ನು ಅರಿಯುವುದೇ ನಾಲಿಗೆಯಿಂದ, ಹಾಗಾಗಿ ಕೈಗೆ ಏನು ಬಂತೆಂದು ಅಜ್ಜಿಯಂದಿರ ಕಣ್ಣು ಇರಲೇಬೇಕು. ಇನ್ನೊಂದು, ಕೊಂಬೆಗಳಲ್ಲಿ ಹೆಜ್ಜೇನು ಹುಟ್ಟು ಕಟ್ಟಿರುತ್ತದೆ. ಕಲ್ಲೆಸೆಯುವ ಆಟ ಅಲ್ಲಿ ಬೇಡವೇ ಬೇಡ. ಮಾವಿನ ಎಲೆಗಳನ್ನು ಹೊಲಿದು ಮನೆ ಮಾಡಿದ ಕೆಂಜಿಗವನ್ನೂ ದೂರದಿಂದಲೇ ನೋಡಬೇಕು. ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಕಚ್ಚಿ, ಅವುಗಳಿಂದ ಬರುವ ರೇಷ್ಮೆಯಲ್ಲಿ ಎಲೆಗೆ ಎಲೆ ಅಂಟಿಸುತ್ತವೆ ಅವು. 'ಪಾಪುನ ಕೈಲಿ ಕೆಲಸ ಮಾಡಿಸ್ತವಾ?' ಎಂದು ದೊಡ್ಡವಳು ಆಕ್ಷೇಪಿಸಿದಳು.

ಕೆರೆಯ ಕಡೆ ನಾವು ಎರಡೇ ಸಲ ಹೋದದ್ದು, ಅಂಚಿಗೆ ಓಡುವ ಚಿಕ್ಕವನನ್ನು ಹಿಡಿಯುವುದರಲ್ಲೇ ನನ್ನ ಉಸಿರು ಹೋಗುತ್ತದೆ. ಆದರೂ ಒಂದು ನೀರುಕಾಗೆಯನ್ನು ಹೇಳದೆ ಬಿಡಲಾರೆ. ರೆಕ್ಕೆ ಎರಡನ್ನೂ ಹರಡಿ ಕೊಂಬೆಯ ಮೇಲೆ ಅಲುಗದೆ ನಿಂತಿತ್ತು. ಬಾತುಕೋಳಿಯ ಪುಕ್ಕದ ಹಾಗೆ ಅದರದ್ದು ನೀರನ್ನು ಪೂರಾ ತಡೆಯುವುದಿಲ್ಲ. ಮುಳುಗಿ ಮೀನು ಹಿಡಿಯಲು ಅದೇ ಅನುಕೂಲ, ಎದ್ದ ಮೇಲೆ ಹೀಗೆ ಒಣಗಬೇಕು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕವನು ಹೇಳಿದ: 'ಅದು ಬಟ್ಟೆ ಒಣಗಿಹಾಕಿದೆ, ಬಿಚ್ಚದೇ.'

ಕಬ್ಬನ್ ಪಾರ್ಕಿನಲ್ಲಿ ಬಾಲಭವನವಿದೆಯಲ್ಲ, ಪುಟಾಣಿ ರೈಲಿದೆಯಲ್ಲ, ಅಲ್ಲಿಗೆ ಹೋಗಬಾರದೇ ಎಂದು ಸೊಸೆ ಕೇಳಿದ್ದಳು. ಹೋಗುತ್ತೇವೆ. ರೈಲು ಹತ್ತಿ ಇಳಿಯುವಷ್ಟು ಹೊತ್ತು ಸ್ವರ್ಗ. ಇಳಿದ ಮರುಕ್ಷಣ 'ಇನ್ನೊಂದ್ಸಲ', ಅದಕ್ಕೆ ಸಾಲು, ಸಾಲಿನಲ್ಲಿ ಜಗಳ. ರೈಲಿಗೆ ಮುಗಿಯುವ ಹೊತ್ತು ಗೊತ್ತು, ಅದೇ ಅದರ ತೊಂದರೆ. ಇರುವೆಯ ಸಾಲಿಗೆ ಟಿಕೆಟ್ಟೂ ಇಲ್ಲ, ಕೊನೆಯ ನಿಲ್ದಾಣವೂ ಇಲ್ಲ. ಹೀಗೆಂದು ರೈಲನ್ನು ಅಲ್ಲಗಳೆಯುವಷ್ಟು ಕಟುಕಿ ನಾನಲ್ಲ. ನನಗೂ ಕಿಟಕಿ ಪಕ್ಕದ ಜಾಗ ಬೇಕು.

ಹೊರಡುವವರಿಗೆ ನಾಲ್ಕು ಮಾತು. ಹಸಿರು ಮೆಟ್ರೊದಲ್ಲಿ ಬಂದರೆ ಲಾಲ್‌ಬಾಗ್ ನಿಲ್ದಾಣ ಪಶ್ಚಿಮದ ಗೇಟಿನ ಹತ್ತಿರವೇ ಇದೆ. ಮಕ್ಕಳಿಗೆ ಮೆಟ್ರೊ ಅರ್ಧ ಪ್ರವಾಸ. ಬಂಡೆಗೆಂದೇ ಬಂದರೆ ಡಬಲ್ ರೋಡ್ ಗೇಟು ವಾಸಿ. ಬಿಸಿಲೇರುವ ಮೊದಲು ಹೋಗಿ ಬಿಸಿಲೇರುವ ಮೊದಲು ಬನ್ನಿ. ಪ್ಲಾಸ್ಟಿಕ್ ಬಾಟಲಿ ಬೇಡ, ಸ್ಟೀಲಿನ ಚೊಂಬು ಇರಲಿ. ಶೌಚದ ಕೆಲಸ ಮನೆಯಲ್ಲೇ ಮುಗಿಸಿ ಎಂದು ಹೇಳಬಹುದು, ಆದರೆ ಮಗುವಿಗೆ ಅದು ಬರುವುದು ಗೇಟಿನಿಂದ ಅತ್ಯಂತ ದೂರದ ಮರದ ಕೆಳಗೇ. ಮನೆಗೆ ಹೊರಡುವ ಸಮಯವನ್ನು ಅರ್ಧ ಗಂಟೆ ಮೊದಲೇ ಒಂದು ಸಲ ಹೇಳಿ, ಹತ್ತು ನಿಮಿಷ ಮೊದಲು ಇನ್ನೊಂದು ಸಲ. ಹಾಪ್‌ಕಾಮ್ಸ್ ಮಳಿಗೆಯ ಹಣ್ಣಿನ ರಸವನ್ನು ಕೊನೆಗೆ ಇಟ್ಟುಕೊಳ್ಳಿ, ಗೇಟಿನ ಕಡೆ ಕಾಲು ಎಳೆಯುವ ಶಕ್ತಿ ಅದಕ್ಕೊಂದಕ್ಕೇ ಇದೆ. ಬ್ಯಾಟರಿ ಗಾಡಿಯಲ್ಲಿ ಕೂತರೆ ತೋಟವೆಲ್ಲ ನೋಡಬಹುದು. ನಾವೂ ಒಮ್ಮೆ ಕೂತೆವು. ಎಲ್ಲವನ್ನೂ ನೋಡಿದೆವು, ಒಂದೂ ನೆನಪಿಲ್ಲ.

ಈ ಮಾರ್ಚ್ ತಿಂಗಳ ಒಂದು ಸೋಮವಾರ ಬಟ್ಟೆ ಒಗೆಯುವ ಯಂತ್ರ ನಿಂತುಹೋಯಿತು. ಮಗ ಜಾಲರಿ ಬಿಚ್ಚಿ ನೋಡಿದರೆ ಬೂರುಗದ ಹತ್ತಿ, ಎರಡು ಬೆಣಚುಕಲ್ಲು, ಹೆಸರಿಲ್ಲದ ಕಡ್ಡಿಗಳು, ಮೂರು ಮಹಾಗನಿ ಬೀಜ. ರೆಕ್ಕೆ ನೆಂದು ಮುದುಡಿದ್ದವು. 'ಜೇಬಿಗೆ ಅಂತ ಅಜ್ಜಿನೇ ಹೇಳಿದ್ದು' ಎಂದು ಇಬ್ಬರೂ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು. ಕಸಕ್ಕೆ ಹಾಕಲು ಚಿಕ್ಕವನು ಬಿಡಲಿಲ್ಲ; ಮೂರನ್ನೂ ಬಾಲ್ಕನಿಯ ಕುಂಡದಲ್ಲಿ, ತುಳಸಿಯ ಪಕ್ಕ ಹೂತ. ಯಂತ್ರದಲ್ಲಿ ಸೋಪಿನ ನೀರು ಕುಡಿದು ಗಿರಗಿರ ತಿರುಗಿ ಬಂದ ಬೀಜ ಇನ್ನೇನು ಹುಟ್ಟುತ್ತದೆ ಎಂದು ನಾನು ಸುಮ್ಮನಿದ್ದೆ. ಮೂರು ವಾರದ ಮೇಲೆ ಒಂದು ಮೊಳಕೆ ತಲೆಯೆತ್ತಿತು. ಈಗ ಗೇಣುದ್ದ ಇದೆ, ಹೊಳೆಯುವ ಆರು ಎಲೆ. ನಮ್ಮದು ಐದನೇ ಮಹಡಿ. ಲಾಲ್‌ಬಾಗಿನ ಮಹಾಗನಿಯ ಎತ್ತರವನ್ನು ನೆನೆಸಿಕೊಂಡು ಮಗ ಅಪಾರ್ಟ್‌ಮೆಂಟಿನ ನಿಯಮಪುಸ್ತಕ ತೆಗೆದು ಓದುತ್ತಿದ್ದಾನೆ.